ಹಡಗಿನಲ್ಲಿ ಬಂದ ಉಪಾಧ್ಯಾಯರು

ಕೋವಿಯಿಂದ ಗೆದ್ದ ನಾಡನ್ನು ಪಾಠಶಾಲೆಯಿಂದ ಉಳಿಸಿಕೊಳ್ಳುವ ಬಗೆಗೆ ಫಿಲಿಪೈನ್ಸ್ ದ್ವೀಪಗಳ ಕಥೆ ಒಳ್ಳೆಯ ನಿದರ್ಶನ. 1898ರಲ್ಲಿ ಸ್ಪೇನ್ ದೇಶವು ಎರಡು ಕೋಟಿ ಡಾಲರು ಪಡೆದು ಆ ದ್ವೀಪಗಳನ್ನು ಅಮೆರಿಕಕ್ಕೆ ಬಿಟ್ಟುಕೊಟ್ಟಿತು. ಅದೇ ವರ್ಷ ಸ್ವಾತಂತ್ರ್ಯ ಸಾರಿದ್ದ ಅಲ್ಲಿನ ಜನರನ್ನು ಯಾರೂ ಕೇಳಲಿಲ್ಲ. ಅವರು ಹೋರಾಡಿದರು, ಸೋತರು. ಯುದ್ಧ ಪೂರ್ತಿ ಮುಗಿಯುವ ಮೊದಲೇ, 1901ರ ಆಗಸ್ಟಿನಲ್ಲಿ, 'ಥಾಮಸ್' ಎಂಬ ಸೈನ್ಯದ ಹಡಗು ಮನಿಲಾಕ್ಕೆ ಬಂತು. ಅದರಿಂದಿಳಿದವರು ಸುಮಾರು 500 ಮಂದಿ ಉಪಾಧ್ಯಾಯರು!

ಉಪಕಾರವಾಗಲಿಲ್ಲವೆಂದು ನಾವು ಹೇಳಲಾರೆವು. ಉಚಿತ ಶಾಲೆಗಳು ಹಳ್ಳಿಗಳಿಗೂ ಹಬ್ಬಿದವು. 1908ರಲ್ಲಿ ಸರಕಾರಿ ವಿಶ್ವವಿದ್ಯಾನಿಲಯವೂ ಸ್ಥಾಪನೆಯಾಯಿತು. ಆದರೆ ಪಾಠವೆಲ್ಲ ಇಂಗ್ಲಿಷಿನಲ್ಲಿ. ಮನೆಯಲ್ಲಿ ತಗಾಲೊಗ್, ಸೆಬುವಾನೊ, ಇಲೊಕಾನೊ ಆಡುವ ಮಗು ತನ್ನ ನುಡಿಯನ್ನು ಶಾಲೆಯ ಹೊಸಿಲಾಚೆ ಬಿಟ್ಟು ಒಳಗೆ ಹೋಗಬೇಕಾಯಿತು. ಇಂಗ್ಲಿಷು ಬಲ್ಲವನಿಗೆ ನೌಕರಿಯ ಬಾಗಿಲು ತೆರೆಯಿತು. ಕಚೇರಿಗಳಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1946ರ ಜುಲೈ 4ರಂದು ಸ್ವಾತಂತ್ರ್ಯ ಬಂತು, ಇಂಗ್ಲಿಷು ಹೋಗಲಿಲ್ಲ. 1987ರ ಸಂವಿಧಾನದಲ್ಲಿಯೂ ಫಿಲಿಪಿನೊ ಜೊತೆಗೆ ಅದಕ್ಕೆ ಅಧಿಕೃತ ಸ್ಥಾನವುಂಟು. ಆ ನುಡಿಯ ಬಲದಿಂದ ಅಲ್ಲಿನ ದಾದಿಯರು ದೇಶದೇಶಗಳಲ್ಲಿ ದುಡಿಯುತ್ತಾರೆ. ಎಷ್ಟೋ ಮನೆಗಳಿಗೆ ಹಣ ಬರುತ್ತದೆ, ತಾಯಿ ಬರುವುದಿಲ್ಲ. 2013ರ ಕಾಯಿದೆಯು ಎಳೆಯ ತರಗತಿಗಳಲ್ಲಿ ಮಾತೃಭಾಷೆಯ ಪಾಠವನ್ನು ವಿಧಿಸಿತು. 2024ರ ಕಾಯಿದೆಯು ಆ ಕಡ್ಡಾಯವನ್ನು ತೆಗೆದುಹಾಕಿತು.

ಹೊರನಾಡಿನಲ್ಲಿರುವ ನಮ್ಮಲ್ಲಿ ಅನೇಕರ ಮಕ್ಕಳಿಗೂ ಶಾಲೆಯಲ್ಲಿ ಕನ್ನಡವಿಲ್ಲ. ಅನ್ನ ಕೊಡುವ ನುಡಿಯನ್ನು ಅವರು ಅಲ್ಲಿ ಕಲಿಯಲಿ, ಬೇಡವೆನ್ನುವವರಾರು? ಅಜ್ಜಿಗೆ ಮರುಮಾತು ಕೊಡುವ ನುಡಿಯನ್ನು ಮಾತ್ರ ನಾವೇ ಮನೆಯಲ್ಲಿ ಕಲಿಸಬೇಕು. ಆ ಕೆಲಸವನ್ನು ಯಾವ ಕಾಯಿದೆಯೂ ನಮಗಾಗಿ ಮಾಡಿಕೊಡದು.