ಮಲಪ್ರಭೆಯ ಕೋಟೆಗಳು, ಕಾದುಕೊಂಡ ಮನೆತನಗಳು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಲ್ಲಿ ಯಾವ ದಿಕ್ಕಿಗೆ ಹೊರಟರೂ ಒಂದು ಹಾಳುಗೋಡೆ ಎದುರಾಗುತ್ತದೆ. ಕೆಲವು ರಾಜರ ಕೋಟೆ, ಕೆಲವು ದೇಸಾಯರ ವಾಡೆ, ಇನ್ನು ಕೆಲವು ಊರ ನಡುವೆ ಒಂಟಿಯಾಗಿ ನಿಂತ ಹುಡೇವು. ಒಂದು ನದಿಯ ಬಯಲಿನಲ್ಲಿ ಇಷ್ಟೊಂದು ಗೋಡೆಗಳು ಎದ್ದದ್ದೇಕೆ? ಈ ನೆಲ ನೂರಾರು ವರ್ಷ ಯಾರದೋ ಒಬ್ಬರ ಗಡಿಯಾಗಿಯೇ ಉಳಿದಿತ್ತು ಎಂಬುದೇ ಅದಕ್ಕೆ ಉತ್ತರ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಬಿಜಾಪುರದ ಆದಿಲಶಾಹಿಯ ಕೈ ಈ ಕಡೆ ಚಾಚಿತು. 1686ರಲ್ಲಿ ಬಿಜಾಪುರವೂ ಮೊಗಲರ ಪಾಲಾಯಿತು. ಆಮೇಲೆ ಸವಣೂರಿನ ನವಾಬರು, ಪೇಶ್ವೆಗಳು, ಹೈದರ್, ಟಿಪ್ಪು, ಕಡೆಗೆ ಕಂಪನಿ ಸರಕಾರ. ಒಡೆಯರು ಬದಲಾದಾಗಲೆಲ್ಲ ದಂಡು ಹಾಯುತ್ತಿತ್ತು. ದಂಡಿನ ಹಿಂದೆ ಸುಲಿಗೆಗೆ ಬರುವ ಪೆಂಢಾರಿಗಳು. ಒಕ್ಕಲು ಮಕ್ಕಳಿಗೆ ಇಬ್ಬರೂ ಒಂದೇ. ಬೆಳೆದ ಜೋಳವೂ ಉಳಿಯುತ್ತಿರಲಿಲ್ಲ, ಕಟ್ಟಿದ ದನವೂ ಉಳಿಯುತ್ತಿರಲಿಲ್ಲ.

ಹುಡೇವು ಹುಟ್ಟಿದ್ದು ಈ ಭಯದಿಂದ. ಕೆಳಗೆ ಕಲ್ಲು, ಮೇಲೆ ದಪ್ಪ ಮಣ್ಣಿನ ಗೋಡೆ, ದುಂಡನೆಯ ಎತ್ತರದ ಕಟ್ಟಡ, ಸುತ್ತ ಬಂದೂಕಿನ ಕಿಂಡಿಗಳು. ಮೇಲೆ ಕುಳಿತ ಕಾವಲಿನವನು ದೂರದಲ್ಲಿ ಧೂಳು ಕಂಡರೆ ಕೂಗು ಹಾಕುತ್ತಿದ್ದ. ಹೆಂಗಸರು, ಮಕ್ಕಳು, ದನಕರು ಗೌಡರ ವಾಡೆಯ ಅಗಸೆಬಾಗಿಲು ಸೇರುತ್ತಿದ್ದರು. ಕಾಳಿಗೂ ಒಂದು ರಕ್ಷಣೆ ಇತ್ತು, ಅದು ನೆಲದೊಳಗಿನ ಹಗೇವು. ಬಾಯಿ ಕಿರಿದು, ಒಡಲು ಹಿರಿದು. ಒಳಗೆ ಸುತ್ತಲೂ ಹುಲ್ಲು ಹೊಂದಿಸಿ ಜೋಳ ಸುರಿದು, ಬಾಯಿಗೆ ಕಲ್ಲುಹಾಸು ಇಟ್ಟು ಮಣ್ಣು ಮೆತ್ತಿದರೆ ಮೇಲೆ ನಡೆದವರಿಗೂ ಗುರುತು ಸಿಗದು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು. ಹುಡೇವು ಜೀವ ಕಾಯಿತು, ಹಗೇವು ಬರಗಾಲದಲ್ಲಿ ಕಾಯಿತು.

ದೊಡ್ಡ ಕೋಟೆಗಳ ಕಥೆಯೂ ಮನೆತನಗಳ ಕಥೆಯೇ. ಕಿತ್ತೂರು ಸಂಸ್ಥಾನದ ಮೂಲಪುರುಷರಾದ ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಸೋದರರು ಹೊರಗಿನಿಂದ ಬಂದವರು. ಬಿಜಾಪುರದ ಸೈನ್ಯದೊಡನೆ ಈ ಕಡೆ ಬಂದು, 1585ರ ಸುಮಾರಿಗೆ ಸಂಪಗಾವಿಯಲ್ಲಿ ನೆಲೆ ಊರಿದರು. ಆ ಮನೆತನದ ಅಲ್ಲಪ್ಪಗೌಡ ಸರದೇಸಾಯಿ 17ನೆಯ ಶತಮಾನದ ಉತ್ತರಾರ್ಧದಲ್ಲಿ ರಾಜಧಾನಿಯನ್ನು ಕಿತ್ತೂರಿಗೆ ತಂದು ಕೋಟೆ ಕಟ್ಟಿಸಿದ. ಇಂದು ಅರಮನೆಯ ಹಾಳುಗೋಡೆಗಳ ನಡುವೆ ನಿಂತರೆ ಊಟದ ಮನೆ, ಅಡುಗೆ ಮನೆ, ಸ್ನಾನದ ಮನೆ ಒಂದೊಂದಾಗಿ ಕಾಣುತ್ತವೆ. ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿ ಇನ್ನೂ ಇದೆ. ವಲಸೆ ಬಂದ ಮನೆತನ ನೂರು ವರ್ಷದೊಳಗೆ ಈ ನೆಲದಲ್ಲಿ ಎಷ್ಟು ಆಳಕ್ಕೆ ಬೇರು ಬಿಟ್ಟಿತೆಂಬುದಕ್ಕೆ ಆ ಮನೆಗಳೇ ಸಾಕ್ಷಿ.

ಬೈಲಹೊಂಗಲ ತಾಲ್ಲೂಕಿನ ಬೆಳವಡಿ ಅಷ್ಟು ದೊಡ್ಡ ಸಂಸ್ಥಾನವಲ್ಲ. 1678ರಲ್ಲಿ ದಕ್ಷಿಣ ದಿಗ್ವಿಜಯ ಮುಗಿಸಿ ಮರಳುತ್ತಿದ್ದ ಶಿವಾಜಿಯ ಸೈನ್ಯಕ್ಕೂ ಬೆಳವಡಿಗೂ ಜಗಳ ಹತ್ತಿತು. ಗಂಡ ಈಶಪ್ರಭು ಮಡಿದ ಮೇಲೂ ಬೆಳವಡಿಯ ರಾಣಿ ಮಲ್ಲಮ್ಮ ಕೋಟೆ ಬಿಡಲಿಲ್ಲ. 27 ದಿನ ಕಾದಿದಳೆಂದು ಈ ಸೀಮೆಯ ಜನ ಹೇಳುತ್ತಾರೆ. ಧಾರವಾಡ ತಾಲ್ಲೂಕಿನ ಯಾದವಾಡದ ಹನುಮಂತ ದೇವರ ಗುಡಿಯ ಬಳಿ ಆ ಪ್ರಸಂಗದ ಶಿಲ್ಪವಿದೆ.

ಹಾಗಾದರೆ ಕೋಟೆಗಳನ್ನು ದಿನವೂ ಕಾಯುತ್ತಿದ್ದವರು ಯಾರು? ಸಂಬಳದ ಸೈನಿಕರಿಗಿಂತ ಹೆಚ್ಚಾಗಿ ಭೂಮಿ ಪಡೆದ ಒಕ್ಕಲು ಮನೆತನಗಳು. ಶೇತಸನದಿಗಳು ಎಂದು ಕರೆಯುತ್ತಿದ್ದ ಇವರಿಗೆ ದೇಸಾಯರು ಹೊಲ ಕೊಡುತ್ತಿದ್ದರು. ಪ್ರತಿಯಾಗಿ ಅವರು ಕಾವಲು ಕಾಯಬೇಕು, ಕರೆ ಬಂದರೆ ಕತ್ತಿ ಹಿಡಿಯಬೇಕು. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ರಾಯಣ್ಣನದೂ ಅಂಥದೇ ಮನೆತನ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತುಬಿದ್ದನಲ್ಲ, ಆ ಗೆಲುವಿನ ಹಿಂದೆ ಇಂಥ ನೂರಾರು ಮನೆಗಳಿದ್ದವು. ಡಿಸೆಂಬರ್ ಮೊದಲ ವಾರ ಕಂಪನಿ ದೊಡ್ಡ ಸೈನ್ಯ ತಂದು ಕೋಟೆ ಹಿಡಿಯಿತು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಾಗಿ, 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ಕೋಟೆ ಬಿದ್ದರೂ ಮನೆತನಗಳು ಇದ್ದವು. ಕಂಪನಿ ಸರಕಾರ ಅವರ ಇನಾಮು ಹೊಲಗಳಿಗೆ ಕೈ ಹಾಕಿತು, ಉಳಿದದ್ದರ ಮೇಲೆ ತೆರಿಗೆ ಏರಿಸಿತು. ಆ ಸರಕಾರದ ಕಚೇರಿಗಳನ್ನೇ ರಾಯಣ್ಣ ಗುರಿ ಮಾಡಿದ. ಬೀಡಿಯ ಕಚೇರಿಯನ್ನು ಸುಟ್ಟ. ಕೋಟೆಯಿಲ್ಲದೆ, ಕಾಡು ಮತ್ತು ಹಳ್ಳಿಗಳ ಆಸರೆಯಲ್ಲೇ ಕಂಪನಿಯನ್ನು ತಿಂಗಳುಗಟ್ಟಲೆ ಕಂಗೆಡಿಸಿದ. ನಂಬಿದವರೇ ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ. ಅವನ ಸಮಾಧಿಯ ಆಲದ ಮರಕ್ಕೆ ಇಂದಿಗೂ ಮಕ್ಕಳಿಲ್ಲದ ಹೆಂಗಸರು ಹರಕೆಯ ತೊಟ್ಟಿಲು ಕಟ್ಟುತ್ತಾರೆ.

ನದಿಯ ಕೆಳದಂಡೆಯ ರಾಮದುರ್ಗ ಮತ್ತು ನರಗುಂದದ ಕೋಟೆಗಳು ಕೊಂಕಣದಿಂದ ಬಂದ ಭಾವೆ ಮನೆತನದವು. 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿ ನರಗುಂದದ ವೆಂಕಟರಾಯನನ್ನು ಸೆರೆ ಒಯ್ದಿತು. ಮುಂದೆ ಒಂದೇ ಮನೆತನ ಎರಡು ಸಂಸ್ಥಾನವಾಯಿತು. 1858ರಲ್ಲಿ ನರಗುಂದದ ಅರಸ ಬಾಬಾಸಾಹೇಬ ದಂಗೆ ಎದ್ದು, ಸುರೇಬಾನದಲ್ಲಿ ಬಿಡಾರ ಹೂಡಿದ್ದ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್‌ನನ್ನು ಕೊಂದ. ಅದೇ ವರ್ಷದ ಜೂನ್‌ನಲ್ಲಿ ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ರಾಮದುರ್ಗದ ದಾಯಾದಿ ಇಂಗ್ಲಿಷರ ಕಡೆ ನಿಂತ. ಅವನ ಸಂಸ್ಥಾನ 1948ರವರೆಗೆ ಉಳಿಯಿತು. 1939ರಲ್ಲಿ ಅದೇ ರಾಮದುರ್ಗದ ಪ್ರಜೆಗಳು ತೆರಿಗೆಯ ಭಾರ ತಾಳದೆ ಅರಸರ ವಿರುದ್ಧವೇ ಎದ್ದರು. ಆಶ್ರಯ ಕೊಡಬೇಕಾದ ಗೋಡೆ ಪ್ರಜೆಗಳಿಗೆ ಭಾರವಾದರೆ ಅದು ಬಹಳ ದಿನ ನಿಲ್ಲುವುದಿಲ್ಲ.

ಸವದತ್ತಿಯ ಕೋಟೆ ಬೇರೊಂದು ದಾರಿ ತೋರಿಸಿತು. ರಟ್ಟರ ಕಾಲದ ಸುಗಂಧವರ್ತಿಯಾದ ಈ ಊರಲ್ಲಿ 18ನೆಯ ಶತಮಾನದಲ್ಲಿ ಕೋಟೆ ಕಟ್ಟಿಸಿದ್ದು ಶಿರಸಂಗಿ ಮನೆತನದ ಜಾಯಪ್ಪ ದೇಸಾಯಿ. ಕೋಟೆಯೊಳಗೆ ಕಾಡಸಿದ್ಧೇಶ್ವರ ಗುಡಿ ಇದೆ. ಅದೇ ಮನೆತನಕ್ಕೆ ದತ್ತು ಬಂದ ಲಿಂಗರಾಜ ದೇಸಾಯಿ (1861–1906) ತನ್ನ ಆಸ್ತಿಯನ್ನೆಲ್ಲ ಬಡ ಮಕ್ಕಳ ಓದಿಗೆ ಬರೆದಿಟ್ಟ. ಬೆಳಗಾವಿಯ ಲಿಂಗರಾಜ ಕಾಲೇಜು ಅವನ ಹೆಸರು ಹೊತ್ತಿದೆ. ಒಂದು ಮನೆತನ ತಾನು ಆಳಿದ ನೆಲದ ಋಣ ತೀರಿಸಿದ ಬಗೆ ಇದಕ್ಕಿಂತ ದೊಡ್ಡದು ಈ ಸೀಮೆಯಲ್ಲಿ ಮತ್ತೊಂದಿಲ್ಲ.

ಕಿತ್ತೂರಿನ ಕೋಟೆಗೆ ವರ್ಷಕ್ಕೊಮ್ಮೆ ಉತ್ಸವವಿದೆ, ವಸ್ತುಸಂಗ್ರಹಾಲಯವಿದೆ. ಹಳ್ಳಿಯ ಹುಡೇವಿಗೆ ಏನೂ ಇಲ್ಲ. ಮಳೆಗೆ ಮಣ್ಣು ಕರಗುತ್ತಿದೆ, ಕಲ್ಲು ಹೊಸ ಮನೆಗಳ ಪಾಯ ಸೇರುತ್ತಿದೆ. ಇನಾಮಿನ ಮೋಡಿ ಲಿಪಿಯ ಕಾಗದಗಳು ಎಷ್ಟೋ ಮನೆಗಳ ಟ್ರಂಕಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿವೆ. ಪ್ರತಿ ಗ್ರಾಮ ಪಂಚಾಯಿತಿ ತನ್ನ ಹುಡೇವು, ವಾಡೆ, ಹಗೇವುಗಳ ಪಟ್ಟಿ ಮಾಡಲಿ; ಅವುಗಳನ್ನು ಕಾಯ್ದ ಮನೆತನಗಳ ಹೆಸರೂ ಅದರಲ್ಲಿರಲಿ. ಶಾಲೆಯ ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೊ ತೆಗೆಸಲಿ, ಹಿರಿಯರ ಮಾತು ಬರೆಸಲಿ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸನದು ಇದ್ದರೆ ದಯವಿಟ್ಟು ಎಸೆಯಬೇಡಿ, ಓದಬಲ್ಲವರಿಗೆ ತೋರಿಸಿ. ಚೆನ್ನಮ್ಮ, ರಾಯಣ್ಣರ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಅವರ ಬೆನ್ನಿಗೆ ನಿಂತ ಮನೆಗಳ ಚರಿತ್ರೆ ಉಳಿಯಬೇಕಾದರೆ ಆ ಕೆಲಸ ಆಯಾ ಊರಿನವರೇ ಮಾಡಬೇಕು.