ಕಾಂಗ್ರೆಸ್ ಗಿಡದ ಪರಾಗ ಸಿಕ್ಕಿಬಿದ್ದ ಬಗೆ

ಮುಂಗಾರು ಹಿಡಿದು ತಿಂಗಳೊಂದೆರಡು ಕಳೆಯುವಷ್ಟರಲ್ಲಿ ಸಿ.ವಿ. ರಾಮನ್ ನಗರದ ಖಾಲಿ ಸೈಟುಗಳು ಬೆಳ್ಳಗೆ ಹೂಬಿಡುತ್ತವೆ. ಕಗ್ಗದಾಸಪುರದ ಕಡೆಯ ರಸ್ತೆಯಂಚು, ನಾಗವಾರಪಾಳ್ಯದ ಒಳದಾರಿ, ಬೈಯಪ್ಪನಹಳ್ಳಿಯ ರೈಲು ಹಳಿಯ ಪಕ್ಕ, ಪಾಯ ತೋಡಿ ಬಿಟ್ಟ ಜಾಗ, ಎಲ್ಲಿ ನೋಡಿದರೂ ಸೊಂಟದೆತ್ತರದ ಕಾಂಗ್ರೆಸ್ ಗಿಡ. ಅದೇ ದಿನಗಳಲ್ಲಿ ಹಲವು ಮನೆಗಳಲ್ಲಿ ಬೆಳಗಿನ ಸೀನು ಶುರುವಾಗುತ್ತದೆ. ಒಂದರ ಹಿಂದೊಂದು ಸೀನು, ನೀರಿನಂತೆ ಸೋರುವ ಮೂಗು, ಉಜ್ಜಿ ಉಜ್ಜಿ ಕೆಂಪಾದ ಕಣ್ಣು, ಕೆಲವರಿಗೆ ರಾತ್ರಿ ಉಬ್ಬಸ. ‘ಬೆಂಗಳೂರಿನ ಹವಾನೇ ಹೀಗೆ’ ಎಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುವವರೇ ಹೆಚ್ಚು.

ಹವಾಮಾನದ ತಲೆಗೆ ಕಟ್ಟಿದ್ದ ಈ ತಪ್ಪಿನಲ್ಲಿ ಗಿಡದ ಪಾಲೆಷ್ಟು ಎಂದು ಕಂಡುಹಿಡಿದದ್ದು ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗ. ಪ್ರೊಫೆಸರ್ ಪಿ.ವಿ. ಸುಬ್ಬರಾವ್ ಮತ್ತು ಅವರ ಶಿಷ್ಯರು, ನಗರದ ವೈದ್ಯರ ಜೊತೆ ಸೇರಿ, 1970ರ ದಶಕದಿಂದ 1990ರ ದಶಕದವರೆಗೆ ಈ ಒಂದು ಕಳೆಯ ಬೆನ್ನು ಹತ್ತಿದರು. ಅವರಿಗೆ ಸಿಕ್ಕಿದ ಉತ್ತರ ಗಿಡದ ಬಗ್ಗೆ ಎಷ್ಟು ಹೇಳುತ್ತದೋ ನಮ್ಮ ದೇಹದ ಬಗ್ಗೆಯೂ ಅಷ್ಟೇ ಹೇಳುತ್ತದೆ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮೂಲತಃ ಅಮೆರಿಕ ಖಂಡದ್ದು. 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಇದನ್ನು ಗುರುತಿಸಲಾಯಿತು. ಆಮದು ಗೋಧಿಯ ಜೊತೆ ಬೀಜ ಬಂದಿರಬೇಕೆಂಬುದು ಅಂದಿನಿಂದ ಚಾಲ್ತಿಯಲ್ಲಿರುವ ಮಾತು. ಒಂದೊಂದು ಗಿಡ 15,000ದಿಂದ 25,000 ಬೀಜ ಉದುರಿಸುವುದರಿಂದ, ಲಾರಿಯ ಮರಳು, ರೈಲಿನ ಹಳಿ, ದನದ ಗೊರಸು, ಯಾವುದು ಸಿಕ್ಕರೂ ಅದಕ್ಕೆ ದಾರಿಯೇ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಕೃಷಿ ಪೀಡೆಗಳ ಕಾಯ್ದೆಯ ವ್ಯಾಪ್ತಿಗೆ ತಂದಿತು.

ಮೊದಲು ಕೂಗಿಕೊಂಡದ್ದು ಚರ್ಮ. ಹೊಲದಲ್ಲಿ ಕಳೆ ಕೀಳುವವರ ಮುಖ, ಕುತ್ತಿಗೆ, ಮೊಣಕೈ ಮಡಿಕೆಗಳಲ್ಲಿ ಚರ್ಮ ಕೆಂಪಾಗಿ, ತುರಿಸಿ, ಕಾಲಕ್ರಮೇಣ ಆನೆಯ ತೊಗಲಿನಂತೆ ದಪ್ಪಗಾಗುತ್ತಿತ್ತು. ಪುಣೆಯ ಇಂಥ ರೋಗಿಗಳ ವಿವರವನ್ನು ಲೋಣ್ಕರ್, ಮಿಚೆಲ್, ಕ್ಯಾಲ್ನನ್ 1974ರಲ್ಲಿ ಪ್ರಕಟಿಸಿದರು. ತಪ್ಪಿತಸ್ಥ ವಸ್ತುವೂ ಗೊತ್ತಾಯಿತು. ಎಲೆ ಕಾಂಡಗಳ ಸಣ್ಣ ರೋಮಗಳಲ್ಲಿರುವ ಪಾರ್ಥೆನಿನ್ ಎಂಬ ಕಹಿ ರಾಸಾಯನಿಕ ಅದು. ಅದರ ಅಣುತೂಕ ಕೇವಲ 262. ಇಷ್ಟು ಚಿಕ್ಕ ಅಣುವನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಅದೊಂದನ್ನೇ ಗುರುತಿಸಲಾರದು. ಅದು ಚರ್ಮದೊಳಗೆ ಇಳಿದು ನಮ್ಮದೇ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಆ ವ್ಯವಸ್ಥೆಯ ಟಿ ಕೋಶಗಳ ಕಣ್ಣಿಗೆ ಬೀಳುತ್ತದೆ. ಟಿ ಕೋಶಗಳು ಬಂದು ಸೇರಿ ಉರಿಯೂತ ಎಬ್ಬಿಸುವುದಕ್ಕೆ ಒಂದೆರಡು ದಿನ ಬೇಕು. ಅದಕ್ಕೇ ಚರ್ಮವೈದ್ಯರು ಬೆನ್ನಿಗೆ ಪಟ್ಟಿ ಅಂಟಿಸಿ 48 ಗಂಟೆ ಬಿಟ್ಟು ನೋಡುತ್ತಾರೆ.

1977ರಲ್ಲಿ ಸುಬ್ಬರಾವ್ ಅವರ ತಂಡ ಈ ಗಿಡದ ನಡುವೆ ಓಡಾಡುವ ಜನರನ್ನು ಪರೀಕ್ಷಿಸಿ ಒಂದು ವರದಿ ಪ್ರಕಟಿಸಿತು. ಗಿಡದ ಸಂಪರ್ಕಕ್ಕೆ ಬಂದವರಲ್ಲಿ ಚರ್ಮರೋಗಕ್ಕೆ ಗುರಿಯಾದವರು ಶೇಕಡಾ 4. ಆದರೆ ಚರ್ಮದಲ್ಲಿ ಯಾವ ಕಲೆಯೂ ಇಲ್ಲದೆ, ಪರೀಕ್ಷೆಯಲ್ಲಿ ಮಾತ್ರ ಅಲರ್ಜಿಯ ಗುರುತು ತೋರಿಸಿದವರು ಶೇಕಡಾ 56. ರೋಗ ಬಂದವರಿಗಿಂತ ಎಷ್ಟೋ ಪಟ್ಟು ಹೆಚ್ಚು ಜನರ ದೇಹ ಸದ್ದಿಲ್ಲದೆ ಈ ಗಿಡವನ್ನು ನೆನಪಿಟ್ಟುಕೊಂಡಿತ್ತು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಮೂಗಿನ ಕತೆಯಲ್ಲೂ ಇಂಥದೇ ಅಂತರ ಎದುರಾಗುತ್ತದೆ.

ಮೂಗಿನ ತೊಂದರೆ ಮಾತ್ರ ಪಾರ್ಥೆನಿನ್ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ಸೀನು ಬರುವುದಕ್ಕೆ ಎರಡು ದಿನ ಕಾಯಬೇಕಿಲ್ಲ. ಗಿಡದ ಪಕ್ಕ ಹಾದುಹೋದ ಕೆಲವೇ ನಿಮಿಷಕ್ಕೆ ಅದು ಹಾಜರು. ಇಷ್ಟು ಅವಸರದ ಪ್ರತಿಕ್ರಿಯೆ ಟಿ ಕೋಶಗಳದ್ದಾಗಿರಲು ಸಾಧ್ಯವಿಲ್ಲ. ಹಾಗಾದರೆ ದೇಹದ ಬೇರೊಂದು ಶಾಖೆ ಇಲ್ಲಿ ಕೆಲಸ ಮಾಡುತ್ತಿರಬೇಕು, ಅದನ್ನು ಕೆಣಕುವ ವಸ್ತುವೂ ಬೇರೆ ಇರಬೇಕು.

ಆ ಶಾಖೆಯ ಪರಿಚಯ ಜಗತ್ತಿಗೆ ಆಗಿ ಆಗಿನ್ನೂ ಹೆಚ್ಚು ವರ್ಷ ಕಳೆದಿರಲಿಲ್ಲ. 1921ರಲ್ಲಿ ಜರ್ಮನಿಯ ಬ್ರೆಸ್ಲಾವ್ ನಗರದಲ್ಲಿ ಹೈನ್ಸ್ ಕ್ಯೂಸ್ಟ್‌ನರ್ ಎಂಬ ವೈದ್ಯರಿಗೆ ಬೇಯಿಸಿದ ಮೀನು ಒಗ್ಗುತ್ತಿರಲಿಲ್ಲ. ಅವರ ರಕ್ತದ ಸೀರಂ ಅನ್ನು ಸಹೋದ್ಯೋಗಿ ಕಾರ್ಲ್ ಪ್ರೌಸ್‌ನಿಟ್ಸ್ ತಮ್ಮ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಂಡು, ಮರುದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿಕೊಂಡರು. ಅಲ್ಲಷ್ಟೇ ದದ್ದು ಎದ್ದಿತು. ಅಲರ್ಜಿ ರಕ್ತದೊಳಗಿನ ಯಾವುದೋ ವಸ್ತುವಿನಿಂದ ಬರುತ್ತದೆ, ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಬಲ್ಲದು ಎಂದು ಹೀಗೆ ಗೊತ್ತಾಯಿತು. ಆ ವಸ್ತುವನ್ನು ಹಿಡಿಯಲು ಇನ್ನೂ 45 ವರ್ಷ ಬೇಕಾದವು. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಜಪಾನಿನ ಕಿಮಿಶಿಗೆ ಮತ್ತು ತೆರುಕೊ ಇಶಿಝಾಕಾ ದಂಪತಿ, ರ‍್ಯಾಗ್‌ವೀಡ್ ಎಂಬ ಕಳೆಯ ಪರಾಗದಿಂದ ನರಳುವವರ ಸೀರಂನಲ್ಲಿ ಹೊಸ ಬಗೆಯ ಪ್ರತಿಕಾಯವೊಂದನ್ನು ಗುರುತಿಸಿದರು. ಅದೇ ಸುಮಾರಿಗೆ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನ್ನಿಖ್ ಬೇರೆ ದಾರಿಯಿಂದ ಅಲ್ಲಿಗೇ ತಲುಪಿದ್ದರು. 1968ರಲ್ಲಿ ಅದಕ್ಕೆ ಐಜಿಇ ಎಂಬ ಹೆಸರು ನಿಂತಿತು.

ಈ ರ‍್ಯಾಗ್‌ವೀಡ್ ಪಾರ್ಥೇನಿಯಂನ ಹತ್ತಿರದ ನೆಂಟ. ಎರಡೂ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದವು. ಅಮೆರಿಕದಲ್ಲಿ ರ‍್ಯಾಗ್‌ವೀಡ್ ಮೂಗಿನ ಅಲರ್ಜಿಗೆ ಕುಖ್ಯಾತ. ಹಾಗಿದ್ದರೂ ನಮ್ಮಲ್ಲಿ ಪಾರ್ಥೇನಿಯಂನ ಪರಾಗದ ಮೇಲೆ ಸಂಶಯ ಬರದಿದ್ದುದಕ್ಕೆ ಕಾರಣ ಹೂವಿನಲ್ಲೇ ಇತ್ತು. ಒಂದು ಹೂವನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿ. ಸಾಸಿವೆಗಿಂತ ತುಸು ದೊಡ್ಡದಾದ ಬಿಳಿಯ ಗುಂಡು. ಅಂಚಿನಲ್ಲಿ ಐದು ಮೂಲೆ. ಆ ಐದು ಮೂಲೆಗಳ ಕಿರುಹೂಗಳು ಹೆಣ್ಣು, ಐದೇ ಬೀಜ ಕೊಡುತ್ತವೆ. ನಡುವೆ ಒತ್ತೊತ್ತಾಗಿ ತುಂಬಿರುವ ಕಿರುಹೂಗಳ ಕೆಲಸ ಪರಾಗ ಉದುರಿಸುವುದು. ಆ ಪರಾಗ ಅಂಟಂಟು, ಉಂಡೆಯುಂಡೆ, ಕೀಟಗಳು ಹೊತ್ತೊಯ್ಯುವಂಥದ್ದು. ಗಾಳಿಯಲ್ಲಿ ತೇಲಿ ಮೂಗಿಗೆ ಬರುವಂಥದ್ದಲ್ಲ ಎಂದು ಯಾರಿಗಾದರೂ ಅನ್ನಿಸುವ ಹಾಗೆ ಅದಿದೆ.

ಆದರೆ ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳಾದ ಕಾಂಚನ್ ಮತ್ತು ಜಯಚಂದ್ರ ಈ ಪರಾಗವನ್ನೇ ಹಿಡಿದು ಕೂತಿದ್ದರು. ಒಂದು ಗಿಡ 60 ಕೋಟಿಗೂ ಹೆಚ್ಚು ಪರಾಗಕಣ ಚೆಲ್ಲುತ್ತದೆ, ನೂರಾರು ಕಣಗಳ ಗೊಂಚಲುಗಳಾಗಿ ಅದು ಗಾಳಿಯಲ್ಲೂ ಸಾಗುತ್ತದೆ, ಸುತ್ತಲಿನ ಬೆಳೆಗಳ ಮೇಲೆ ಬಿದ್ದು ಕಾಯಿ ಕಚ್ಚುವುದನ್ನೂ ತಡೆಯುತ್ತದೆ ಎಂದು 1980ರಲ್ಲಿ ತೋರಿಸಿದರು. ಟೊಮೆಟೊ ಹೂವಿನ ಮೇಲೆ ಕೂರುವಷ್ಟು ದೂರ ಬರುವ ಪರಾಗ ಮನುಷ್ಯನ ಮೂಗಿಗೂ ಬರಲೇಬೇಕು.

ಇನ್ನುಳಿದದ್ದು ರೋಗಿಯ ದೇಹವನ್ನೇ ಕೇಳುವುದು. ಸುಬ್ಬರಾವ್ ಅವರ ತಂಡ, ಮುಖ್ಯವಾಗಿ ಪಿ. ಶ್ರೀರಾಮರಾವ್, ಮೂಗಿನ ಅಲರ್ಜಿಯ ರೋಗಿಗಳ ಮೇಲೆ ಎರಡು ಪರೀಕ್ಷೆ ನಡೆಸಿದರು. ಮೊದಲನೆಯದು ಪ್ರಿಕ್ ಟೆಸ್ಟ್. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಸಾಲಾಗಿ ಹನಿಗಳನ್ನಿಡುತ್ತಾರೆ. ಒಂದರಲ್ಲಿ ಪರಾಗದ ಸಾರ, ಒಂದರಲ್ಲಿ ಬರೀ ಉಪ್ಪುನೀರು, ಇನ್ನೊಂದರಲ್ಲಿ ಅಲರ್ಜಿಯ ದದ್ದು ಎಬ್ಬಿಸುವ ಹಿಸ್ಟಮೀನ್. ಪ್ರತಿ ಹನಿಯ ಮೂಲಕ ಸೂಜಿಮೊನೆಯಿಂದ ಚರ್ಮವನ್ನು ರಕ್ತ ಬಾರದಷ್ಟು ಮಾತ್ರ ಚುಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಹಿಸ್ಟಮೀನ್ ಬಿದ್ದಲ್ಲಿ ದದ್ದು ಏಳಲೇಬೇಕು, ಉಪ್ಪುನೀರು ಬಿದ್ದಲ್ಲಿ ಏಳಕೂಡದು. ಇವೆರಡೂ ಸರಿಯಿದ್ದು ಪರಾಗದ ಜಾಗದಲ್ಲೂ 3 ಮಿಲಿಮೀಟರಿಗೆ ಕಡಿಮೆಯಿಲ್ಲದ ಉಬ್ಬು ಎದ್ದರೆ, ಅಲ್ಲಿನ, ಹಿಸ್ಟಮೀನ್ ತುಂಬಿಕೊಂಡಿರುವ ಮಾಸ್ಟ್ ಕೋಶಗಳ ಮೇಲೆ ಆ ಪರಾಗಕ್ಕೆಂದೇ ತಯಾರಾದ ಐಜಿಇ ಕೂತಿದೆ ಎಂದರ್ಥ.

ಎರಡನೆಯದು ರಕ್ತದ ಪರೀಕ್ಷೆ. ಪರಾಗದ ಪ್ರೋಟೀನನ್ನು ಕಾಗದದ ಬಿಲ್ಲೆಗೆ ಅಂಟಿಸಿ, ಅದರ ಮೇಲೆ ರೋಗಿಯ ಸೀರಂ ಹಾಕಿ ತೊಳೆಯುತ್ತಾರೆ. ಪರಾಗವನ್ನು ಗುರುತಿಸುವ ಐಜಿಇ ಇದ್ದರೆ ಬಿಲ್ಲೆಗೆ ಕಚ್ಚಿಕೊಂಡು ಉಳಿಯುತ್ತದೆ. ಆಮೇಲೆ ಐಜಿಇಗೆ ಮಾತ್ರ ಅಂಟುವ, ವಿಕಿರಣ ಸೂಸುವ ಇನ್ನೊಂದು ಪ್ರತಿಕಾಯ ಹಾಕಿ, ಯಂತ್ರದಲ್ಲಿ ಎಣಿಸುತ್ತಾರೆ. ಎರಡು ಪರೀಕ್ಷೆಗಳೂ ಒಂದೇ ಮಾತು ಹೇಳಿದವು. ಸೀನಿನ ಹಿಂದೆ ಪಾರ್ಥೇನಿಯಂ ಪರಾಗ ಇದೆ, ಅದಕ್ಕೆ ದೇಹ ಕೊಡುವ ಪ್ರತಿಕ್ರಿಯೆ ಐಜಿಇಯದ್ದು. ರ‍್ಯಾಗ್‌ವೀಡನ್ನು ಎಂದೂ ಕಂಡಿರದ ಈ ರೋಗಿಗಳ ಐಜಿಇ ಅದರ ಪರಾಗಕ್ಕೂ ಅಂಟಿಕೊಂಡಿತು. ಎರಡು ಗಿಡಗಳ ನೆಂಟಸ್ತಿಕೆಯನ್ನು ದೇಹ ತಾನಾಗಿಯೇ ಗುರುತಿಸಿತ್ತು.

1991ರಲ್ಲಿ ಪ್ರಕಟವಾದ ಸಮೀಕ್ಷೆ ಬೆಂಗಳೂರಿನ ಜನರಲ್ಲಿ ಶೇಕಡಾ 7ರಷ್ಟು ಮಂದಿ ಪಾರ್ಥೇನಿಯಂ ಪರಾಗದಿಂದ ಮೂಗಿನ ಅಲರ್ಜಿ ಅನುಭವಿಸುತ್ತಿದ್ದಾರೆ ಎಂದಿತು. ಪರಾಗಕ್ಕೆ ಒಳಗೊಳಗೇ ಸಂವೇದನೆ ಬೆಳೆಸಿಕೊಂಡವರು ಶೇಕಡಾ 40ಕ್ಕೂ ಹೆಚ್ಚು. ಚರ್ಮದಲ್ಲಿ 4 ಮತ್ತು 56, ಮೂಗಿನಲ್ಲಿ 7 ಮತ್ತು 40. ಎರಡು ಬೇರೆ ಪ್ರತಿಕ್ರಿಯೆ, ಎರಡು ಬೇರೆ ವಸ್ತು, ಆದರೂ ಅದೇ ಬಗೆಯ ಅಂತರ.

ಮುಂದಿನ ಹೆಜ್ಜೆ ಪರಾಗದೊಳಗಿನ ಯಾವ ಪ್ರೋಟೀನ್ ಎಂಬುದು. 1996ರಲ್ಲಿ ಗುಪ್ತಾ, ಸುಬ್ಬರಾವ್ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಡೀನ್ ಮೆಟ್ಕಾಫ್ ಮೊದಲಾದವರು ಅದನ್ನು ಬೇರ್ಪಡಿಸಿ ತೋರಿಸಿದರು. ಅದರ ಅಣುತೂಕ ಸುಮಾರು 31,000, ಅಂದರೆ ಪಾರ್ಥೆನಿನ್‌ಗಿಂತ ನೂರು ಪಟ್ಟಿಗೂ ಮಿಗಿಲು. ಇಷ್ಟು ದೊಡ್ಡ ಪ್ರೋಟೀನ್ ನಮ್ಮದೇನನ್ನೂ ಅಂಟಿಸಿಕೊಳ್ಳದೆ ತಾನೇ ನಿರೋಧಕ ವ್ಯವಸ್ಥೆಯ ಗಮನ ಸೆಳೆಯಬಲ್ಲದು. ಇದಕ್ಕೆ ಪಾರ್ ಎಚ್ 1 ಎಂದು ಹೆಸರಾಯಿತು. ಅದರ ಒಂದು ಭಾಗ ಡಿಫೆನ್ಸಿನ್ ಎಂಬ ಗುಂಪಿಗೆ ಸೇರಿದ್ದೆಂದು ಇತ್ತೀಚಿನ ಸಂಶೋಧನೆ ತಿಳಿಸಿದೆ. ಡಿಫೆನ್ಸಿನ್‌ಗಳು ಗಿಡಗಳು ಶಿಲೀಂಧ್ರಗಳಿಂದ ಪಾರಾಗಲು ಇಟ್ಟುಕೊಂಡಿರುವ ಪ್ರೋಟೀನುಗಳು. ಗಿಡ ತನ್ನ ರಕ್ಷಣೆಗೆಂದು ಮಾಡಿಕೊಂಡದ್ದೇ ನಮ್ಮ ರಕ್ಷಣಾ ವ್ಯವಸ್ಥೆಯನ್ನು ಕೆಣಕುತ್ತಿದೆ.

ಸಂವೇದನೆಗೂ ರೋಗಕ್ಕೂ ನಡುವಿನ ಆ ಅಂತರಕ್ಕೆ ಮತ್ತೆ ಬರೋಣ. ಐಜಿಇ ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಮಾಸ್ಟ್ ಕೋಶ ಸಿಡಿದು ಹಿಸ್ಟಮೀನ್ ಚೆಲ್ಲಬೇಕಾದರೆ ಅದರ ಮೇಲೆ ಸಾಕಷ್ಟು ಐಜಿಇ ಕೂತಿರಬೇಕು, ಮೂಗಿಗೆ ಬೀಳುವ ಪರಾಗವೂ ಒಂದು ಮಟ್ಟ ಮೀರಬೇಕು. ಉದ್ರೇಕವನ್ನು ತಗ್ಗಿಸುವ ನಿಯಂತ್ರಕ ಟಿ ಕೋಶಗಳೂ, ಪರಾಗವನ್ನು ಮಧ್ಯದಲ್ಲೇ ತಡೆದು ಹಿಡಿಯುವ ಬೇರೆ ಪ್ರತಿಕಾಯಗಳೂ ದೇಹದಲ್ಲಿವೆ. ಬಹಳ ಜನರಲ್ಲಿ ಈ ತೂಕ ಸಮವಾಗಿ ನಿಂತಿರುತ್ತದೆ. ಪರಾಗದ ಹೊರೆ ಹೆಚ್ಚಿದಂತೆ ಈ ಸಮತೋಲ ತಪ್ಪುವವರೂ ಹೆಚ್ಚುತ್ತಾರೆ. ಆದ್ದರಿಂದ ಗಿಡ ಕಡಿಮೆಯಾದರೆ ಈಗ ಸೀನುವವರ ಜೊತೆ ಇನ್ನೂ ಸೀನದ ಉಳಿದವರಿಗೂ ರಕ್ಷಣೆ ಸಿಗುತ್ತದೆ. ಈ ಸಂಶೋಧನೆಯಿಂದ ನಮಗೆ ಬಂದ ದೊಡ್ಡ ತಿಳಿವಳಿಕೆ ಇದು ಎಂದು ನನ್ನ ನಂಬಿಕೆ.

ಗಿಡ ಕಡಿಮೆ ಮಾಡುವ ಯತ್ನವೂ ಬೆಂಗಳೂರಿನಲ್ಲೇ ಆರಂಭವಾಗಿತ್ತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ 1983ರಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ, 1984ರಲ್ಲಿ ಹೊರಗೆ ಬಿಟ್ಟರು. ಪಾರ್ಥೇನಿಯಂ ಎಲೆ ಅದರ ಆಹಾರ. ಕೆಲವು ವರ್ಷಗಳ ನಂತರ ಅದು ಸೂರ್ಯಕಾಂತಿ ಎಲೆಯನ್ನೂ ಕಡಿಯುತ್ತಿದೆ ಎಂಬ ದೂರೆದ್ದಾಗ, ಜಯಂತ್ ಮತ್ತು ಸಂಗಡಿಗರು 1993ರಲ್ಲಿ ಕಾರಣ ಹುಡುಕಿದರು. ಸೂರ್ಯಕಾಂತಿ ಎಲೆಯ ಮೇಲೆ ಗಾಳಿಗೆ ಬಂದು ಕೂತಿದ್ದ ಪಾರ್ಥೇನಿಯಂ ಪರಾಗವೇ ಜೀರುಂಡೆಯನ್ನು ಅಲ್ಲಿ ಮೇಯುವಂತೆ ಮಾಡುತ್ತಿತ್ತು. ಪರಾಗ ದೂರ ಹೋಗದು ಎಂಬ ಹಳೆಯ ಅನಿಸಿಕೆಗೆ ಹುಳುವೂ ವಿರುದ್ಧ ಸಾಕ್ಷಿ ಹೇಳಿದಂತಾಯಿತು.

ಈ ಗಿಡವೊಂದೇ ಬೆಂಗಳೂರಿನ ಉಸಿರಿಗೆ ಅಡ್ಡ ಬಂದಿದೆ ಎಂದರೆ ತಪ್ಪಾಗುತ್ತದೆ. ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಆಸ್ಪತ್ರೆಗೆ ಬಂದ 20,000 ಮಕ್ಕಳನ್ನು ಗಮನಿಸಿ, ಅಸ್ತಮಾದ ಪ್ರಮಾಣ 1979ರಲ್ಲಿ ಶೇಕಡಾ 9 ಇದ್ದದ್ದು 1999ಕ್ಕೆ 29.5 ಆಯಿತೆಂದು ದಾಖಲಿಸಿದರು. ಈ ಏರಿಕೆಯನ್ನು ಅವರು ನಗರ ಬೆಳೆದ ರೀತಿಯ ಜೊತೆ ಇಟ್ಟು ನೋಡಿದರು. ವಾಹನದ ಹೊಗೆ, ಹಾಸಿಗೆಯ ಧೂಳಿನ ನುಸಿ, ಬೂಷ್ಟು ಎಲ್ಲಕ್ಕೂ ಇದರಲ್ಲಿ ಪಾಲಿದೆ. ಅದಕ್ಕೇ ಮಳೆಗಾಲದ ಸೀನಿಗೆ ವರ್ಷಾನುಗಟ್ಟಲೆ ಕೈಗೆ ಸಿಕ್ಕ ಮಾತ್ರೆ ನುಂಗುವ ಬದಲು ಒಮ್ಮೆ ಅಲರ್ಜಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಯಾವುದು ಎಂದು ಗೊತ್ತಾದರೆ ಮಾತ್ರ ಅದರಿಂದ ದೂರವಿರಲು ಆಗುತ್ತದೆ.

ಪಾರ್ಥೇನಿಯಂ ಮೊಳೆತ ನಾಲ್ಕರಿಂದ ಆರು ವಾರಕ್ಕೆ ಹೂಬಿಡುತ್ತದೆ. ಬೇಕಾದ ಕೆಲಸವೆಲ್ಲ ಆ ವಾರಗಳಲ್ಲೇ ಮುಗಿಯಬೇಕು. ಹೂಬಿಟ್ಟ ಮೇಲೆ ಪಾಲಿಕೆಯವರು ಬಂದು ಕೊಚ್ಚಿದರೆ ಪರಾಗ ಬೀದಿಗೆಲ್ಲ ಹರಡುತ್ತದೆ, ಕೊಚ್ಚುವ ಕಾರ್ಮಿಕರ ಕೈಮುಖಕ್ಕೆ ಪಾರ್ಥೆನಿನ್ ಮೆತ್ತುತ್ತದೆ. ಮೊದಲ ಮಳೆಯ ತರುವಾಯ, ಮಣ್ಣು ಮೆತ್ತಗಿದ್ದು ಗಿಡ ಗೇಣುದ್ದ ಇರುವಾಗ, ಕೈಗವಸು ಹಾಕಿಕೊಂಡು ಬೇರುಸಹಿತ ಕಿತ್ತರೆ ಎರಡೂ ತಪ್ಪುತ್ತವೆ. ಆ ಕೈಗವಸನ್ನು ಪೌರಕಾರ್ಮಿಕರಿಗೆ ಕೊಡುವುದು ಪಾಲಿಕೆಯ ಹೊಣೆ, ಸೈಟಿನ ಗಿಡ ಕೀಳಿಸುವುದು ಅದರ ಮಾಲೀಕರ ಹೊಣೆ. ಇಪ್ಪತ್ತು ವರ್ಷ ದುಡಿದು ಕಾರಣ ಹುಡುಕಿಕೊಟ್ಟ ಊರಿನಲ್ಲೇ ಈ ಸಣ್ಣ ಕೆಲಸ ಹೊತ್ತಿಗೆ ಸರಿಯಾಗಿ ಆಗದಿದ್ದರೆ, ಅದರ ಬೆಲೆ ತೆರುವವರು ನಮ್ಮ ಮಕ್ಕಳು ಮತ್ತು ಬೀದಿ ಸ್ವಚ್ಛ ಮಾಡುವವರು.