ಕಡಲಡಿಯ ಲೂಟಿಯ ಆಟ



ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆಯ ದಿನ ತುಗ್ಗಲಿ, ಜೊನ್ನಗಿರಿ ಕಡೆಯ ಹೊಲಗಳನ್ನು ನೀವು ನೋಡಿರುತ್ತೀರಿ. ಬುತ್ತಿ ಕಟ್ಟಿಕೊಂಡು ಬಂದ ಹೆಂಗಸರು, ಗಂಡಸರು, ಮಕ್ಕಳು ತಲೆ ಬಗ್ಗಿಸಿ ವಜ್ರ ಹುಡುಕುತ್ತಿರುತ್ತಾರೆ. ಸಿಕ್ಕವರೆಷ್ಟು, ಬರಿಗೈಲಿ ಹೋದವರೆಷ್ಟು ಎಂಬ ಲೆಕ್ಕ ಯಾವ ಬ್ಯಾಂಕಿನ ಪುಸ್ತಕದಲ್ಲೂ ಇಲ್ಲ. ಮಣ್ಣಿನಲ್ಲಿ ಏನೋ ಇದೆ, ಅದು ನನಗಾಗಿಯೇ ಕಾದಿದೆ ಎಂಬ ಆಸೆಗೆ ಕಾಲು ತಾನಾಗಿ ನಡೆಯುತ್ತದೆ. ಇವತ್ತು ನಾನು ಹೇಳಹೊರಟಿರುವುದೂ ಅದೇ ಆಸೆಯ ಮಾತು. ಆದರೆ ಹೊಲ ಬೇರೆ. ಅದು ಇರುವುದು ಕಂಪ್ಯೂಟರಿನಲ್ಲಿ, ಅದೂ ಸಮುದ್ರದ ತಳದಲ್ಲಿ.

ನನ್ನ ಮಗಳ ಮಗ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ರಜೆಗೆ ಆದೋನಿಗೆ ಬಂದಿದ್ದ. ರಾತ್ರಿ ಊಟಕ್ಕೆ ಅವನ ಅಜ್ಜಿ ಮೂರು ಸಲ ಕರೆದಳು. ಕೋಣೆಯೊಳಗಿಂದ ಉತ್ತರ ಬಂತು: "ನೀರೊಳಗಿದ್ದೀನಿ ಅಜ್ಜಿ, ಈಗ ಎದ್ದರೆ ಸಾಯ್ತೀನಿ." ಆಕೆ ಗಾಬರಿಯಾಗಿ ನನ್ನನ್ನು ಒಳಗೆ ಕಳಿಸಿದಳು. ಬೈಯಲು ಹೋದವನು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ. ನಾಲ್ಕು ರಾತ್ರಿ ಕೂತೆ. ತಿಳಿದದ್ದನ್ನು ನಿಮಗೆ ಒಪ್ಪಿಸುತ್ತೇನೆ.

ಆಟದ ಹೆಸರು ರಸ್ಟ್, ಅಂದರೆ ತುಕ್ಕು. ಇಂಗ್ಲೆಂಡಿನ ಫೇಸ್‌ಪಂಚ್ ಸ್ಟುಡಿಯೋಸ್ ಎಂಬ ಸಂಸ್ಥೆ 2013ರ ಡಿಸೆಂಬರಿನಲ್ಲಿ ಇದನ್ನು ಅರೆಬರೆಯಾಗಿ ಹೊರತಂದು, 2018ರ ಫೆಬ್ರವರಿಯಲ್ಲಿ ಪೂರ್ಣಗೊಳಿಸಿತು. ಒಂದು ದ್ವೀಪದ ಕಡಲ ದಡದಲ್ಲಿ ನೀವು ಬರಿಮೈಯಲ್ಲಿ ಕಣ್ಣು ಬಿಡುತ್ತೀರಿ. ಕೈಯಲ್ಲಿ ಒಂದು ಕಲ್ಲು, ಒಂದು ಪಂಜು, ಅಷ್ಟೇ. ಮರ ಕಡಿಯಬೇಕು, ಕಲ್ಲು ಒಡೆಯಬೇಕು, ಹಸಿವು ನೀರಡಿಕೆ ನೋಡಿಕೊಳ್ಳಬೇಕು, ಮನೆ ಕಟ್ಟಿ ಬೀಗ ಹಾಕಬೇಕು. ಅದೇ ದ್ವೀಪದಲ್ಲಿ ಬೇರೆ ಬೇರೆ ಊರುಗಳಲ್ಲಿ ಕೂತ ನೂರಾರು ಜನ ಅದೇ ಹೊತ್ತಿಗೆ ಆಡುತ್ತಿರುತ್ತಾರೆ. ಅವರಲ್ಲಿ ಯಾರು ನೆಂಟ, ಯಾರು ಕಳ್ಳ ಎಂಬುದು ಎದುರಾದಾಗಲೇ ಗೊತ್ತಾಗುವುದು. ಕಂಪ್ಯೂಟರ್ ಆರಿಸಿ ನೀವು ಮಲಗಿದರೂ ನಿಮ್ಮ ದೇಹ ಆ ದ್ವೀಪದಲ್ಲೇ ನಿದ್ದೆ ಮಾಡುತ್ತಿರುತ್ತದೆ. ಬೀಗ ಒಡೆದು ಬಂದವನು ಅದನ್ನೂ ಕೊಂದು ದೋಚಬಹುದು. ಇದು ಸಣ್ಣ ಮಕ್ಕಳ ಆಟವಲ್ಲ, ರಕ್ತವೂ ಬೈಗುಳವೂ ಹೇರಳ. ಮನೆಯಲ್ಲಿ ಹತ್ತು ಹನ್ನೆರಡು ವಯಸ್ಸಿನವರಿದ್ದರೆ ದೂರ ಇಡಿ.

ಈ ಆಟಕ್ಕೆ 2021ರ ಮೇ ತಿಂಗಳಲ್ಲಿ ಕಡಲಡಿಯ ಪ್ರಯೋಗಶಾಲೆಗಳು ಸೇರಿದವು. ಯಾರೋ ಕಟ್ಟಿ ಬಿಟ್ಟುಹೋದಂಥ ಉಕ್ಕಿನ ಕೋಣೆಗಳು, ಓಣಿಯಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ, ಅಂತಸ್ತಿನ ಮೇಲೆ ಅಂತಸ್ತು. ಒಂದು ದ್ವೀಪದ ಶಾಲೆಯ ನಕ್ಷೆ ಇನ್ನೊಂದರಲ್ಲಿ ನಡೆಯದು. ಹೋಗಲು ಎರಡು ದಾರಿ. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮುಸುಕು, ಕಾಲಿಗೆ ಮೀನಿನ ರೆಕ್ಕೆಯಂಥ ಪಾದ ಕಟ್ಟಿಕೊಂಡು ಈಜುವುದು ಒಂದು. ಮೀನುಗಾರರ ಹಳ್ಳಿಯಲ್ಲಿ ಸ್ಕ್ರ್ಯಾಪ್ ಕೊಟ್ಟು ಜಲಾಂತರ್ಗಾಮಿ ಕೊಳ್ಳುವುದು ಇನ್ನೊಂದು. ಸ್ಕ್ರ್ಯಾಪ್ ಎಂದರೆ ಹಳೇ ಕಬ್ಬಿಣ. ಆ ದ್ವೀಪದ ನಾಣ್ಯವೂ ಅದೇ, ಹೊಸ ವಿದ್ಯೆ ಕಲಿಯುವ ಫೀಜೂ ಅದೇ. ಒಬ್ಬರು ಕೂರುವ ಹಡಗಿದೆ, ಇಬ್ಬರು ಕೂರುವುದೂ ಇದೆ. ಸುತ್ತ ಶಾರ್ಕ್ ಮೀನುಗಳು ಅಲೆಯುತ್ತಿರುತ್ತವೆ.

ಒಳಹೊಗುವ ಬಾಗಿಲು ಒಂದು ಕೊಳ. ಇದು ನನಗೆ ಮೊದಲು ತಿಳಿಯಲಿಲ್ಲ. ನೆಲದಲ್ಲಿ ಅಷ್ಟು ದೊಡ್ಡ ತೂತಿದ್ದರೆ ಕೋಣೆ ತುಂಬಿಹೋಗಬೇಡವೇ? ನೀವೇ ಒಂದು ಬಿಂದಿಗೆಯನ್ನು ಬೋರಲು ಹಿಡಿದು ನೇರವಾಗಿ ಬಾವಿಗೆ ಅದ್ದಿ ನೋಡಿ. ಒಳಗಿನ ಗಾಳಿ ನೀರನ್ನು ಪೂರ್ತಿ ಏರಗೊಡುವುದಿಲ್ಲ. ಅದೇ ಉಪಾಯ. ಇದು ಕಟ್ಟುಕತೆಯೂ ಅಲ್ಲ. ಅಮೆರಿಕದ ಫ್ಲಾರಿಡಾ ಕಡಲಲ್ಲಿ ಸುಮಾರು 60 ಅಡಿ ಆಳದಲ್ಲಿರುವ ಅಕ್ವೇರಿಯಸ್ ಎಂಬ ನಿಜವಾದ ಸಂಶೋಧನಾ ಮನೆಗೂ ಇಂಥದೇ ಬಾಗಿಲು. ಅಲ್ಲಿ ದಿನಗಟ್ಟಲೆ ಇದ್ದವರು ತಟ್ಟನೆ ಮೇಲೇಳುವಂತಿಲ್ಲ. ಎದ್ದರೆ ಮೈಯಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಯಾಗಿ ಜೀವಕ್ಕೆ ಕುತ್ತು. ಆಟದಲ್ಲಿ ಆ ಕಷ್ಟ ಇಟ್ಟಿಲ್ಲ. ಅಲ್ಲಿ ಬೇರೆ ಕಷ್ಟ ಇಟ್ಟಿದ್ದಾರೆ.

ಒಳಗೆ ಕಾವಲಿರುವವರಿಗೆ ವಿಜ್ಞಾನಿಗಳು ಎಂದು ಹೆಸರು, ಕೈಯಲ್ಲಿ ಮಾತ್ರ ಬಂದೂಕು! ಅವರನ್ನು ಕಂಪ್ಯೂಟರೇ ನಡೆಸುತ್ತದೆ. ಕೋಣೆಗಳಲ್ಲಿ ಪೆಟ್ಟಿಗೆಗಳು, ಪೆಟ್ಟಿಗೆಯಲ್ಲಿ ಆಯುಧ, ಔಷಧಿ, ಬಟ್ಟೆ, ಯಂತ್ರದ ಬಿಡಿಭಾಗ. ಆಟದಲ್ಲಿ ಹಸಿರು, ನೀಲಿ, ಕೆಂಪು ಎಂದು ಮೂರು ಬಗೆಯ ಕಾರ್ಡುಗಳಿವೆ, ಬಣ್ಣಕ್ಕೆ ತಕ್ಕ ಬಾಗಿಲು. ಖಾಲಿ ಮಾಡಿದ ಪೆಟ್ಟಿಗೆಗಳು ಹೊತ್ತು ಕಳೆದ ಮೇಲೆ ಮತ್ತೆ ತುಂಬುತ್ತವೆ, ಇಲ್ಲದಿದ್ದರೆ ತಡವಾಗಿ ಬಂದವರಿಗೆ ಆಟವೇ ಇರುತ್ತಿರಲಿಲ್ಲ.

ಕಾರ್ಡು ಉಜ್ಜಿ ಬಾಗಿಲು ತೆರೆದಾಗ ನನಗೆ ನೌಕರಿಯ ದಿನಗಳು ನೆನಪಾದವು. ಸ್ಟ್ರಾಂಗ್ ರೂಮಿಗೆ ಎರಡು ಕೀಲಿ, ಒಂದು ಮ್ಯಾನೇಜರ್ ಬಳಿ, ಒಂದು ಕ್ಯಾಷಿಯರ್ ಬಳಿ. ಹೊಸದರಲ್ಲಿ ನಾನು ಅಪಾಯವೆಲ್ಲ ಆ ಕಬ್ಬಿಣದ ಬಾಗಿಲಲ್ಲೇ ಇದೆ ಎಂದುಕೊಂಡಿದ್ದೆ. ಹಳ್ಳಿಯ ಶಾಖೆಗೆ ಜೀಪಿನಲ್ಲಿ ನಗದು ಒಯ್ಯುವಾಗ ಬುದ್ಧಿ ಬಂತು. ಹತ್ತಿಯ ಕಾಲ, ರೈತರಿಗೆ ದುಡ್ಡು ಬೇಕು, ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೂತವನಿಗೆ ರಸ್ತೆಯ ಪ್ರತಿ ತಿರುವಿನಲ್ಲೂ ಎದೆ ಡವಗುಟ್ಟುತ್ತಿತ್ತು. ಕಡಲಡಿಯ ಲೂಟಿಯೂ ಹಾಗೇ. ಪೆಟ್ಟಿಗೆ ತೆರೆದದ್ದು ಸಂಪಾದನೆಯಲ್ಲ, ಮನೆಗೆ ತಂದು ಬೀಗ ಹಾಕಿದ್ದೇ ಸಂಪಾದನೆ. ದಾರಿಯಲ್ಲಿ ಸತ್ತರೆ ನೀವು ಬರಿಗೈಲಿ ದಡದಲ್ಲೋ ನಿಮ್ಮ ಹಾಸಿಗೆಯ ಮೇಲೋ ಮತ್ತೆ ಹುಟ್ಟುತ್ತೀರಿ. ನಿಮ್ಮ ಗಂಟು ಹೆಣದ ಜೊತೆ ಅಲ್ಲೇ ಬಿದ್ದಿರುತ್ತದೆ, ಕಂಡವರ ಪಾಲು. ಹೀಗಾಗಿ ಕೆಲವರು ಒಳಗೆ ಕಷ್ಟಪಡುವುದೇ ಇಲ್ಲ. ಕೊಳದ ಬಳಿ ಕಾದು ಕೂತು ಹೊರಬರುವವನನ್ನು ಹೊಡೆಯುತ್ತಾರೆ.

"ಇದು ಕಳ್ಳತನ ಅಲ್ಲವೇನೋ?" ಎಂದೆ. "ಒಡೆಯನೇ ಇಲ್ಲದ ಮಾಲು ತಾತಾ" ಎಂದ. ಆಗ ಅವನಿಗೆ ಸಂಗಮೇಶ್ವರದ ಮಾತು ಹೇಳಿದೆ. ಮೊದಲು ನಮ್ಮ ಕರ್ನೂಲು ಜಿಲ್ಲೆಯಲ್ಲಿದ್ದು, 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದ ಆ ಗುಡಿ 1981ರಿಂದ ಶ್ರೀಶೈಲ ಜಲಾಶಯ ತುಂಬಿದಾಗಲೆಲ್ಲ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿಳಿದಾಗ ಹೊರಬಂದು ಪೂಜೆ ಪಡೆಯುತ್ತದೆ. ಆ ನೀರಿನಡಿ ಹೋದವು ಎಷ್ಟೋ ಊರುಗಳು. ಅಲ್ಲಿನ ಕೆಲವು ಗುಡಿಗಳನ್ನು ಕಲ್ಲು ಕಲ್ಲು ಬಿಚ್ಚಿ ಆಲಂಪುರದ ಬಳಿ ಮತ್ತೆ ಕಟ್ಟಿದರು. ನೀರಿನಡಿ ಇದ್ದಮಾತ್ರಕ್ಕೆ ಒಡೆಯನಿಲ್ಲ ಎನ್ನಲಾಗದು. ಆ ಹೊಸ್ತಿಲುಗಳಿಗೆ ಕುಂಕುಮ ಇಟ್ಟವರು ಇನ್ನೂ ಬದುಕಿದ್ದಾರೆ. ಮಣ್ಣಿನಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೂ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು 1878ರ ಕಾಯಿದೆಯೇ ಇದೆ. ಹುಡುಗ ಕೇಳಿಸಿಕೊಂಡ. "ಆಟದಲ್ಲಿ ಕಲೆಕ್ಟರ್ ಇಲ್ಲ ತಾತಾ" ಎಂದ. ನನಗೂ ಉತ್ತರ ತೋಚಲಿಲ್ಲ.

ನಾಲ್ಕನೆಯ ರಾತ್ರಿ ಅವನ ಗಂಟು ತುಂಬಿತ್ತು. ಕೊಳದ ಬಳಿ ಬಂದರೆ ಬಂದೂಕು ಹಿಡಿದವನೊಬ್ಬ ನಿಂತಿದ್ದಾನೆ. ಈ ಆಟದಲ್ಲಿ ಹತ್ತಿರ ಇದ್ದವರ ದನಿ ಮೈಕಿನಿಂದ ಕೇಳಿಸುತ್ತದೆ. ಅದು ಗೊತ್ತಿಲ್ಲದ ನಾನು ಹಿಂದಿನಿಂದ, "ಲೇ, ಹಾಲು ಆರಿಹೋಯ್ತು, ಕುಡಿಯೋ" ಎಂದುಬಿಟ್ಟೆ. ಆ ಕಡೆಯವನು ನಕ್ಕ. "ಎವರ್ರಾ ಅದಿ, ಮೀ ತಾತಾ?" ಎಂದು ತೆಲುಗಿನಲ್ಲಿ ಕೇಳಿದ. ಗುಂಟೂರಿನ ಹುಡುಗನಂತೆ. "ಸಗಂ ಪೆಟ್ಟಿ ವೆಳ್ಳಿಪೋ" ಎಂದ. ಮೊಮ್ಮಗ ನನ್ನ ಮುಖ ನೋಡಿದ. ಅರ್ಧ ಇಟ್ಟು ಬೆನ್ನು ತಿರುಗಿಸಿದ ಮೇಲೆ ಹೊಡೆದರೆ ಕೇಳುವವರು ಯಾರು? ಇಡು ಎಂದೆ. ಇಟ್ಟ. ಹಡಗು ಹತ್ತುವವರೆಗೂ ನನ್ನ ಎದೆ ಜೀಪಿನಲ್ಲಿದ್ದಾಗಿನಂತೆಯೇ ಹೊಡೆದುಕೊಳ್ಳುತ್ತಿತ್ತು. ಗುಂಡು ಹಾರಲಿಲ್ಲ.

ಪ್ರತಿ ತಿಂಗಳ ಮೊದಲ ಗುರುವಾರ ಆ ದ್ವೀಪವನ್ನೇ ಅಳಿಸಿ ಹೊಸದು ಹಾಕುತ್ತಾರೆ. ಮನೆ, ಬೀಗ, ಗಂಟು ಎಲ್ಲ ಮಾಯ. ಗುಂಟೂರಿನವನ ಪಾಲೂ ಹೋಯಿತು, ನಮ್ಮವನದೂ ಹೋಯಿತು. ಈಗ ಇಬ್ಬರೂ ಎರಡು ಸೀಟಿನ ಹಡಗಿನಲ್ಲಿ ಒಟ್ಟಿಗೆ ಇಳಿಯುತ್ತಾರೆ. ಅವನಿಗೆ ಕನ್ನಡ ಬಾರದು. ನಮ್ಮವನ ತೆಲುಗು ಬೆಂಗಳೂರಿನಲ್ಲಿ ಸವೆದುಹೋಗಿದೆ. ಮಾತು ಸಿಕ್ಕಿಹಾಕಿಕೊಂಡಾಗ ರಾತ್ರಿ ಹನ್ನೊಂದಾದರೂ ಆದೋನಿಗೆ ಫೋನು ಬರುತ್ತದೆ: "ತಾತಾ, ಇವನು ಏನಂತಾನೆ, ಸ್ವಲ್ಪ ಹೇಳು."